ತಂಪು ಕನ್ನಡಕ: ಬಣ್ಣಕ್ಕೆ ಮರುಳಾಗಬೇಡಿ

ಉಮ್ರಾ ಮುಗಿಸಿ ಬಂದ ಬ್ಯಾಡಗಿಯ ಹಿರಿಯರೊಬ್ಬರು ಪತ್ನಿಯೊಂದಿಗೆ ನನ್ನ ಚಿಕಿತ್ಸಾಲಯಕ್ಕೆ ಬಂದಿದ್ದರು. ಹೋಗುವಾಗ ವಿಮಾನ ನಿಲ್ದಾಣದ ಅಂಗಡಿಯಲ್ಲಿ ಅವಸರದಿಂದ ಕೊಂಡ ಕಪ್ಪು ಕನ್ನಡಕವನ್ನು ಮೇಜಿನ ಮೇಲಿಟ್ಟು, “ನಾಕ್ ಸಾವಿರ ಕೊಟ್ಟೀನ್ರಿ ಡಾಕ್ಟರ್ ಸಾಹೇಬ್ರ, ಹಾಕ್ಕೊಂಡ್ರ ತಲಿ ನೋಯ್ತೈತಿ” ಎಂದರು. ಅವರ ಹಳೆಯ ಕನ್ನಡಕಕ್ಕೆ ನಂಬರ್ ಇದೆ, ಹೊಸದಕ್ಕೆ ಇಲ್ಲ. ತಲೆನೋವಿನ ಕಾರಣ ಅಷ್ಟೇ.

ನನಗೆ ಹೆಚ್ಚು ಚಿಂತೆಯಾದದ್ದು ಅವರ ಪತ್ನಿಯ ಕಣ್ಣು ಕಂಡು. ಮೂಗಿನ ಬದಿಯಿಂದ ಕರಿಗುಡ್ಡೆಯತ್ತ ಮಾಂಸದ ತೆಳು ಪೊರೆ ಹಬ್ಬಿತ್ತು. ಯುನಾನಿಯಲ್ಲಿ ಇದನ್ನು ನಾಖೂನಾ ಎನ್ನುತ್ತಾರೆ. ವರ್ಷಗಟ್ಟಲೆ ಬಿಸಿಲು, ಗಾಳಿ, ದೂಳಿನಲ್ಲಿ ದುಡಿದವರಲ್ಲಿ ಇದು ಹೆಚ್ಚು. ಆಕೆ ಮೆಣಸಿನಕಾಯಿ ಒಣಗಿಸುವ ಕಣದಲ್ಲಿ 20 ವರ್ಷ ದುಡಿದವರು, ಒಮ್ಮೆಯೂ ಕನ್ನಡಕ ಹಾಕಿದವರಲ್ಲ.

ತಂಪು ಕನ್ನಡಕ ವಿಮಾನ ಹತ್ತುವವರ ಶೋಕಿ ಎಂದುಕೊಂಡಿದ್ದೇವೆ. ರಾಣೆಬೆನ್ನೂರಿನ ಹೊಲಗಳಲ್ಲಿ ಕಳೆ ಕೀಳುವವರಿಗೆ, ಹಾವೇರಿಯ ಬಿಸಿಲಲ್ಲಿ ಬೈಕ್ ಓಡಿಸುವವರಿಗೆ ಅದು ಹೆಚ್ಚು ಬೇಕು. ಕೊಳ್ಳುವಾಗ ಇವುಗಳನ್ನು ಗಮನಿಸಿ:

• ‘ಯುವಿ 400’ ಎಂಬ ಗುರುತು ಇರಲಿ. ಅಂಥ ಗಾಜು 400 ನ್ಯಾನೋಮೀಟರ್‌ವರೆಗಿನ ನೇರಳಾತೀತ ಕಿರಣಗಳನ್ನು ತಡೆಯುತ್ತದೆ. ಬರೀ ಕಪ್ಪು ಬಣ್ಣ ಸಾಲದು. ಕತ್ತಲೆಗೆ ಕಣ್ಣಿನ ಪಾಪೆ ಹಿಗ್ಗುವುದರಿಂದ, ಕಿರಣ ತಡೆಯದ ಕಪ್ಪು ಗಾಜು ಕಣ್ಣಿಗೆ ಹಾನಿಯನ್ನೇ ಮಾಡಬಹುದು.

• ‘ಪೋಲರೈಸ್ಡ್’ ಎಂದರೆ ರಸ್ತೆ, ನೀರಿನ ಮೇಲಿನ ಪ್ರತಿಫಲನ ತಗ್ಗಿಸುವಂಥದ್ದು. ಯುವಿ ಗುರುತನ್ನು ಬೇರೆಯಾಗಿಯೇ ನೋಡಬೇಕು.

• ಬದಿಗಳಿಂದಲೂ ಬಿಸಿಲು, ದೂಳು ನುಗ್ಗದಂತೆ ಅಗಲವಾದ ಫ್ರೇಮ್ ಆರಿಸಿ.

• ನಂಬರ್ ಇದ್ದವರು ಪ್ರಯಾಣಕ್ಕೆ ಎರಡು ವಾರ ಮೊದಲೇ ಊರಿನಲ್ಲೇ ಮಾಡಿಸಿಕೊಳ್ಳಿ. ಯುವಿ ಪರೀಕ್ಷಿಸುವ ಯಂತ್ರವಿದ್ದರೆ ತೋರಿಸಲು ಹೇಳಿ, ಬಿಲ್ ಪಡೆಯಿರಿ. ವಿಮಾನ ನಿಲ್ದಾಣದಲ್ಲಿ ಕೊಂಡದ್ದನ್ನು ಬದಲಿಸಲು ಮತ್ತೆ ಅಲ್ಲಿಗೆ ಹೋಗುವವರು ಯಾರು?

• ರಾತ್ರಿ ವಾಹನ ಓಡಿಸುವಾಗ ಇದನ್ನು ಹಾಕಬೇಡಿ. ಗ್ರಹಣ ನೋಡಲಂತೂ ಇದು ಸಲ್ಲದು.

ಸುರ್ಮಾ ಬಿಸಿಲಿಗೆ ರಕ್ಷಣೆ ಎಂಬ ಮಾತನ್ನು ನಂಬಬೇಡಿ. ಪೇಟೆಯ ಕೆಲವು ಸುರ್ಮಾಗಳಲ್ಲಿ ಸೀಸವಿರುತ್ತದೆ, ಮಕ್ಕಳಿಗೆ ಅದು ಅಪಾಯ. ನಾಖೂನಾ ಕೂಡ ಮನೆಮದ್ದಿನಿಂದ ಕರಗುವುದಿಲ್ಲ. ಅದು ಪಾಪೆಯತ್ತ ಬೆಳೆದು ದೃಷ್ಟಿಗೆ ಅಡ್ಡಬಂದರೆ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ಯುನಾನಿ ವೈದ್ಯನಾದ ನಾನೂ ಆಕೆಯನ್ನು ನೇತ್ರತಜ್ಞರ ಬಳಿಗೇ ಕಳುಹಿಸಿದೆ.

ಈಗ ಆಕೆ ಕಣಕ್ಕೆ ಕನ್ನಡಕ ಹಾಕಿಕೊಂಡೇ ಹೋಗುತ್ತಾರೆ. ಮೊದಲ ದಿನ ಜೊತೆಯ ಹೆಂಗಸರು ನಕ್ಕರಂತೆ. ಮರುವಾರ ಇಬ್ಬರು ಬಂದು, ಎಲ್ಲಿ ಸಿಗುತ್ತದೆ ಎಂದು ಕೇಳಿದರಂತೆ. ನೀವೂ ಕನ್ನಡಕ ಕೊಳ್ಳುವ ಮುನ್ನ, ಮನೆಯಲ್ಲಿ ಹೆಚ್ಚು ಬಿಸಿಲಿಗೆ ನಿಲ್ಲುವವರು ಯಾರೆಂದು ಒಮ್ಮೆ ಯೋಚಿಸಿ.