ಮರೆವಿನ ಪರೀಕ್ಷೆಗೆ ಕಾರ್ಡ್ ನಡೆಯುತ್ತದೆಯೇ?

ಅರವತ್ತಕ್ಕೆ ಅರಳು ಮರಳು ಎಂಬ ಮಾತು ನಮ್ಮ ಮನೆಗಳಲ್ಲಿ ಬಹಳ ಹಾನಿ ಮಾಡಿದೆ. ಉಮ್ಮ ಒಲೆಯ ಮೇಲೆ ಹಾಲಿಟ್ಟು ಮರೆತರೆ, ಅಬ್ಬ ದಿನಾ ಹೋಗುವ ಮಸೀದಿಯ ದಾರಿ ತಪ್ಪಿದರೆ ‘ವಯಸ್ಸಾಯಿತಲ್ಲ’ ಎಂದು ಸುಮ್ಮನಾಗುತ್ತೇವೆ. ಒಮ್ಮೊಮ್ಮೆ ರಕಅತ್‌ನ ಲೆಕ್ಕ ತಪ್ಪುವುದು ಎಲ್ಲರಿಗೂ ಉಂಟು, ಅದಕ್ಕೆ ಹೆದರಬೇಕಿಲ್ಲ. ಆದರೆ ವರ್ಷಗಳಿಂದ ಮಾಡಿಕೊಂಡು ಬಂದ ಕೆಲಸವೇ ತಿಂಗಳಿಂದ ತಿಂಗಳಿಗೆ ಕೈತಪ್ಪುತ್ತಿದ್ದರೆ ಪರೀಕ್ಷೆ ಮಾಡಿಸಬೇಕು. ನಮ್ಮ ದೇಶದಲ್ಲಿ 60 ದಾಟಿದವರಲ್ಲಿ ಸುಮಾರು ಶೇ. 7.4 ಮಂದಿಗೆ ಡಿಮೆನ್ಶಿಯಾ ಇದೆಯೆಂದು ಅಂದಾಜು.

ಆಗ ಮನೆಯಲ್ಲಿ ಏಳುವ ಮೊದಲ ಪ್ರಶ್ನೆ: ಕಾರ್ಡ್ ನಡೆಯುತ್ತದಾ?

ಬರಿಯ ಪರೀಕ್ಷೆಗಾದರೆ ಸಾಮಾನ್ಯವಾಗಿ ಇಲ್ಲ. ಆಯುಷ್ಮಾನ್ ಕಾರ್ಡ್ ಇರುವುದು ಆಸ್ಪತ್ರೆಗೆ ದಾಖಲಾಗುವವರ ಚಿಕಿತ್ಸೆಗೆ. ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ. 30ರಂತೆ ಒಂದೂವರೆ ಲಕ್ಷದವರೆಗೆ ನೆರವಿದೆ. 70 ದಾಟಿದ ಎಲ್ಲರಿಗೂ ಆದಾಯ ನೋಡದೆ ಕೊಡುವ ‘ವಯ ವಂದನ’ ಕಾರ್ಡನ್ನು ಕೇಂದ್ರ ಸರಕಾರ 2024ರ ಅಕ್ಟೋಬರ್‌ನಲ್ಲಿ ಆರಂಭಿಸಿತು. ಅದೂ ದಾಖಲಾದ ಚಿಕಿತ್ಸೆಗೇ. ಮರೆವಿನ ಪರೀಕ್ಷೆಯೋ ಹೊರರೋಗಿ ವಿಭಾಗದ ಕೆಲಸ. ಇವತ್ತು ಯಾವ ವಾರ ಎಂದು ಕೇಳುತ್ತಾರೆ, ಕೆಲವು ಪದ ಹೇಳಿ ಸ್ವಲ್ಪ ಹೊತ್ತಿನ ಬಳಿಕ ನೆನಪಿಸಲು ಹೇಳುತ್ತಾರೆ, ಗಡಿಯಾರದ ಚಿತ್ರ ಬಿಡಿಸಲು ಹೇಳುತ್ತಾರೆ. ಹತ್ತು ಹದಿನೈದು ನಿಮಿಷ, ಒಂದು ಕಾಗದ, ಒಂದು ಪೆನ್ನು. ಇದಕ್ಕೆ ಕಾರ್ಡ್ ಬರಲಿ ಎಂದು ತಿಂಗಳುಗಟ್ಟಲೆ ಕಾಯುವುದರಲ್ಲಿ ಅರ್ಥವಿಲ್ಲ.

ಕಾಯಬಾರದೆನ್ನಲು ಇನ್ನೊಂದು ಕಾರಣವಿದೆ. ಎಲ್ಲ ಮರೆವೂ ಡಿಮೆನ್ಶಿಯಾ ಅಲ್ಲ. ಬಿ12 ವಿಟಮಿನ್ ಕೊರತೆ, ಥೈರಾಯ್ಡ್ ತೊಂದರೆ, ಖಿನ್ನತೆ, ಕೆಲವು ನಿದ್ರೆ ಮಾತ್ರೆಗಳಿಂದಲೂ ನೆನಪು ಮಂಕಾಗುತ್ತದೆ. ಇವಕ್ಕೆ ಚಿಕಿತ್ಸೆಯಿದೆ, ಬೇಗ ಗೊತ್ತಾದಷ್ಟೂ ಒಳ್ಳೆಯದು. ಖಾಸಗಿ ಪಾಲಿಸಿ ಇದ್ದರೆ ಅದರಲ್ಲಿ ವರ್ಷಕ್ಕೊಮ್ಮೆ ಉಚಿತ ಆರೋಗ್ಯ ತಪಾಸಣೆ ಇದೆಯೇ, ಥೈರಾಯ್ಡ್ ಮತ್ತು ಬಿ12 ಅದರಲ್ಲಿ ಸೇರಿವೆಯೇ ಎಂದು ಏಜೆಂಟರನ್ನು ಕೇಳಿ. ಎಷ್ಟೋ ಮಂದಿ ಪ್ರೀಮಿಯಂ ಕಟ್ಟುತ್ತಾರೆ, ಈ ತಪಾಸಣೆಯನ್ನು ಮಾತ್ರ ಬಳಸುವುದೇ ಇಲ್ಲ.

ಎಂಆರ್‌ಐಗೆ ಹಣ ಉಳಿಸಲು ‘ಒಂದು ರಾತ್ರಿ ಅಡ್ಮಿಟ್ ಮಾಡಿ, ಕ್ಲೈಮ್ ಮಾಡೋಣ’ ಎನ್ನುವವರಿದ್ದಾರೆ. ಅವರ ಮಾತು ಕೇಳಬೇಡಿ. ಕೇವಲ ತಪಾಸಣೆಗಾಗಿ ದಾಖಲಾದರೆ ಖರ್ಚು ಕೊಡುವುದಿಲ್ಲ ಎಂಬುದು ಪಾಲಿಸಿಗಳಲ್ಲಿ ಸಾಮಾನ್ಯವಾಗಿ ಇರುವ ಷರತ್ತು. ಬಿಲ್ಲು ನಿಮ್ಮ ತಲೆಗೇ ಬರುತ್ತದೆ. ಪಾರ್ಶ್ವವಾಯುವೋ ತಲೆಗೆ ಪೆಟ್ಟೋ ಆಗಿ ನಿಜವಾಗಿಯೂ ದಾಖಲಾಗಬೇಕಾಗಿ ಬಂದರೆ ಮಾತು ಬೇರೆ. ಆಯುಷ್ಮಾನ್ ಯೋಜನೆಯಲ್ಲಿ ದಾಖಲಾಗುವ 3 ದಿನ ಮುಂಚಿನ ಪರೀಕ್ಷೆಗಳೂ ಬಿಡುಗಡೆಯ ನಂತರದ 15 ದಿನಗಳ ಔಷಧಿಯೂ ಸೇರುತ್ತವೆ.

‘ಇದು ಮಾನಸಿಕ ಕಾಯಿಲೆ, ಕೊಡುವುದಿಲ್ಲ’ ಎಂದು ಕಂಪೆನಿಯವರು ಅಂದರೆ ಒಪ್ಪಬೇಡಿ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 21(4)ನೇ ಕಲಮಿನಂತೆ ದೇಹದ ಕಾಯಿಲೆಗೆ ಇರುವಂತೆಯೇ ಮಾನಸಿಕ ಕಾಯಿಲೆಗೂ ವಿಮೆ ಇರಬೇಕು. ಆ ಕಾಯ್ದೆಯ ವ್ಯಾಖ್ಯೆಯಲ್ಲಿ ನೆನಪಿನ ಶಕ್ತಿಯ ತೀವ್ರ ದೋಷವೂ ಸೇರಿದೆ. ಹಾಗೆಂದು ಹೊರರೋಗಿ ಖರ್ಚು ತಾನಾಗಿ ಸಿಗುವುದಿಲ್ಲ, ಮನೆಯಲ್ಲಿ ನೋಡಿಕೊಳ್ಳುವ ಆಯಾಳ ಸಂಬಳವಂತೂ ಇಲ್ಲ.

ಹೊಸ ಪಾಲಿಸಿ ಮಾಡುವಾಗ ಮರೆವಿನ ಸಂಗತಿ ಮುಚ್ಚಿಡಬೇಡಿ. 2024ರ ನಿಯಮದಂತೆ ಮೊದಲೇ ಇದ್ದ ಕಾಯಿಲೆಗೆ ಕಾಯಿಸಬಹುದಾದ ಅವಧಿ ಹೆಚ್ಚೆಂದರೆ 3 ವರ್ಷ. ಮುಚ್ಚಿಟ್ಟದ್ದು ಸಿಕ್ಕಿಬಿದ್ದರೆ ಕ್ಲೈಮೂ ಹೋಗುತ್ತದೆ, ಪಾಲಿಸಿಯೂ ಹೋಗುತ್ತದೆ.

ಹಾಗಾದರೆ ಎಲ್ಲಿಗೆ ಹೋಗುವುದು? ಮೊದಲು ಜಿಲ್ಲಾ ಆಸ್ಪತ್ರೆಗೆ. ರಾಜ್ಯ ಸರಕಾರ ನಿಮ್ಹಾನ್ಸ್ ಜೊತೆ ಸೇರಿ 2022ರಲ್ಲಿ ಆರಂಭಿಸಿದ ಮೆದುಳು ಆರೋಗ್ಯ ಕಾರ್ಯಕ್ರಮದ ಕ್ಲಿನಿಕ್ ಅಲ್ಲಿ ಯಾವ ದಿನ ಇರುತ್ತದೆಂದು ವಿಚಾರಿಸಿ. ತಿನ್ನುತ್ತಿರುವ ಎಲ್ಲ ಮಾತ್ರೆಗಳನ್ನೂ ಒಂದು ಚೀಲದಲ್ಲಿ ಒಯ್ಯಿರಿ. ದಿನವಿಡೀ ಜೊತೆಗಿರುವ ಸೊಸೆಯೋ ಮಗಳೋ ಹೋಗಲಿ. ಗಲ್ಫ್‌ನಿಂದ ರಜೆಗೆ ಬಂದ ಮಗನಿಗೆ ಆ ವಿವರ ಗೊತ್ತಿರುವುದಿಲ್ಲ.

ಮುಖ್ಯವಾಗಿ, ಉಮ್ಮನ ಮನೆಮಾತು ಬ್ಯಾರಿಯೋ ಉರ್ದುವೋ, ಅವರು ಎಷ್ಟು ಕಲಿತಿದ್ದಾರೆ, ಕಿವಿ ಸರಿಯಾಗಿ ಕೇಳುತ್ತದೆಯೇ ಎಂಬುದನ್ನು ಪರೀಕ್ಷೆಗೆ ಮೊದಲೇ ಡಾಕ್ಟರಿಗೆ ಹೇಳಿ. ಗೊತ್ತಿಲ್ಲದ ಭಾಷೆಯಲ್ಲಿ ಕೇಳಿದ ಪ್ರಶ್ನೆಗೆ ಉತ್ತರ ಬಾರದಿದ್ದರೆ ಅದು ಮರೆವಲ್ಲ.