ಒರೆಗಲ್ಲು ಯಾರ ಕೈಯಲ್ಲಿ?

ರಜೆಗೆಂದು ಬನಶಂಕರಿಯ ನಮ್ಮ ಮನೆಗೆ ಬಂದಿದ್ದ ಮಗಳ ಮಗನು ಮೊನ್ನೆ ಒಂದು ಕ್ರಿಕೆಟ್ ಕಾರ್ಡಿನ ಚಿತ್ರವನ್ನು ತೋರಿಸಿ, “ತಾತ, ಇದಕ್ಕೆ ಹತ್ತಕ್ಕೆ ಹತ್ತು ಬಂದಿದೆ. ಗೋಲಕದ ದುಡ್ಡೆಲ್ಲ ಕೊಟ್ಟು ತೊಗೊಳ್ಳಲಾ?” ಎಂದು ಕೇಳಿದನು. “ಅಂಕ ಕೊಟ್ಟವರು ಯಾರಪ್ಪ?” ಎಂದೆವು. “ಮಾರೋರೇ” ಎಂದನು. ಬಹುಕಾಲ ಉತ್ತರಪತ್ರಿಕೆಗಳನ್ನು ತಿದ್ದಿದ ನಮಗೆ ಈ ಮಾತು ರುಚಿಸಲಿಲ್ಲ.

ಆಟಗಾರರ ಚಿತ್ರವುಳ್ಳ ಕಾರ್ಡುಗಳ ಸಂಗ್ರಹವು ಅಮೆರಿಕದಲ್ಲಿ ದೊಡ್ಡ ವ್ಯಾಪಾರವಾಗಿ ಬೆಳೆದಿದೆ. ಮೂಲೆ, ಅಂಚು, ಮೇಲ್ಮೈಗಳನ್ನೂ ಚಿತ್ರವು ನಟ್ಟನಡುವೆ ಅಚ್ಚಾಗಿದೆಯೇ ಎಂಬುದನ್ನೂ ಪರೀಕ್ಷಿಸಿ, 1ರಿಂದ 10ರವರೆಗೆ ದರ್ಜೆಯಿತ್ತು, ಪ್ಲಾಸ್ಟಿಕ್ ಕವಚದಲ್ಲಿ ಭದ್ರಪಡಿಸುವ ಸಂಸ್ಥೆಗಳು ಅಲ್ಲಿವೆ. 1991ರಲ್ಲಿ ಆರಂಭವಾದ ಪಿ.ಎಸ್.ಎ. ಅವುಗಳಲ್ಲಿ ಪ್ರಮುಖವಾದುದು. 9ಕ್ಕೂ 10ಕ್ಕೂ ಇರುವ ಭೇದವು ಬರಿಗಣ್ಣಿಗೆ ಕಾಣುವುದು ದುರ್ಲಭ. ಬೆಲೆಯ ಭೇದವಾದರೋ ಹಲವು ಪಟ್ಟು. ಆದುದರಿಂದ ಪರೀಕ್ಷಕನ ನಿಷ್ಪಕ್ಷಪಾತವೇ ಇಲ್ಲಿ ಸರ್ವಸ್ವ.

ಆದರೆ ವ್ಯವಸ್ಥೆಯನ್ನು ನೋಡಿರಿ. ಪರೀಕ್ಷಾಶುಲ್ಕವು ಕಾರ್ಡಿನ ಬೆಲೆಯನ್ನು ಅನುಸರಿಸುತ್ತದೆ; ದರ್ಜೆಯೇರಿ ಬೆಲೆಯೇರಿದರೆ ಹೆಚ್ಚುವರಿ ಶುಲ್ಕವನ್ನು ಕೇಳುವ ಪದ್ಧತಿಯೂ ಉಂಟು. 2021ರಲ್ಲಿ ಪಿ.ಎಸ್.ಎ.ಯ ಒಡೆತನದ ಕಂಪನಿಯು ಗೋಲ್ಡಿನ್ ಎಂಬ ಹರಾಜುಸಂಸ್ಥೆಯನ್ನೇ ಕೊಂಡಿತು. 2024ರಲ್ಲಿ ಅದು ಈಬೇ ಕಂಪನಿಗೆ ಸೇರುವವರೆಗೆ ದರ್ಜೆಯಿಡುವವರೂ ಹರಾಜು ಕೂಗುವವರೂ ಒಂದೇ ಮನೆಯವರಾಗಿದ್ದರು. ಇವರು ಮೋಸಮಾಡಿದರೆಂದು ನಾವು ಹೇಳುವುದಿಲ್ಲ. ಸಂಶಯಕ್ಕೆ ಎಡೆಯಿತ್ತೆಂದಷ್ಟೇ ನಮ್ಮ ಅಭಿಪ್ರಾಯ. ಇನ್ನು ಮುದ್ರೆಯೇ ಪ್ರಮಾಣವೆಂದು ನಂಬುವವರು ಹೋನಸ್ ವ್ಯಾಗ್ನರನೆಂಬ ಬೇಸ್‌ಬಾಲ್ ಆಟಗಾರನ ಕಾರ್ಡಿನ ಕಥೆಯನ್ನು ಕೇಳಬೇಕು. 8ರ ದರ್ಜೆಯನ್ನು ಪಡೆದಿದ್ದ ಆ ಕಾರ್ಡು 2007ರಲ್ಲಿ 28 ಲಕ್ಷ ಡಾಲರಿಗೆ ಮಾರಾಟವಾಯಿತು. ಅದರ ಅಂಚನ್ನು ತಾನೇ ಕತ್ತರಿಸಿದ್ದೆನೆಂದು ಹರಾಜಿನ ವ್ಯಾಪಾರಿಯೊಬ್ಬನು 2013ರಲ್ಲಿ ಒಪ್ಪಿಕೊಂಡನು.

ನಮ್ಮ ಗೃಹಿಣಿಯರಿಗೆ ಈ ವಿಷಯವು ಹೊಸತಲ್ಲ. ಹಿಂದೆ ನಾವು ಅಂಗಡಿಯೊಂದರಲ್ಲಿ 22 ಕ್ಯಾರೆಟ್ಟಿನದೆಂದು ಒಂದು ಜೊತೆ ಬಳೆಯನ್ನು ಕೊಂಡಿದ್ದೆವು. ಒರೆಗಲ್ಲೂ ಅವರದೇ, ನಾಲಗೆಯೂ ಅವರದೇ. ಮಗಳ ಮದುವೆಗೆ ಅವುಗಳನ್ನು ಕರಗಿಸಹೋದಾಗ ಚಿನ್ನವು ಅಷ್ಟು ಶುದ್ಧವಲ್ಲವೆಂದು ತಿಳಿಯಿತು. ಅಂದು ನಮ್ಮಾಕೆ ಏನೂ ಮಾತನಾಡಲಿಲ್ಲ; ಆ ಮೌನವನ್ನು ನಾವು ಮರೆತಿಲ್ಲ.

ಈಗ ಪರಿಸ್ಥಿತಿಯು ಸುಧಾರಿಸಿದೆ. 2021ರ ಜೂನ್ ತಿಂಗಳಲ್ಲಿ ಹಾಲ್‌ಮಾರ್ಕ್ 256 ಜಿಲ್ಲೆಗಳಲ್ಲಿ ಕಡ್ಡಾಯವಾಯಿತು. ಪರೀಕ್ಷೆಯು ಅಂಗಡಿಯಲ್ಲಲ್ಲ, ಮಾನ್ಯತೆ ಪಡೆದ ಬೇರೆ ಕೇಂದ್ರದಲ್ಲಿ ನಡೆಯುತ್ತದೆ. ಆಭರಣವನ್ನು ಒಯ್ದು ಶುಲ್ಕ ತೆರುವವನು ವ್ಯಾಪಾರಿಯೇ ಆದರೂ, ಒಡವೆ ಭಾರವಿರಲಿ ಹಗುರವಿರಲಿ, ಶುಲ್ಕವು ಒಂದೊಂದಕ್ಕೆ ಇಂತಿಷ್ಟೆಂದು ಗೊತ್ತಾಗಿದೆ. ಒಡವೆಯ ಮೇಲಿನ ಆರು ಅಕ್ಷರಾಂಕಗಳ ಗುರುತನ್ನು ಕೊಳ್ಳುವವರು ಬಿ.ಐ.ಎಸ್. ಕೇರ್ ಎಂಬ ಆ್ಯಪಿನಲ್ಲಿ ತಾವೇ ತಾಳೆನೋಡಬಹುದು.

ಹೆತ್ತವರಿಗೆ ಹೆಗ್ಗಣ ಮುದ್ದು. ತನ್ನ ವಸ್ತುವನ್ನು ತಾನೇ ತೂಗುವವನು ಸಜ್ಜನನಾದರೂ ಅವನ ಕಣ್ಣು ಒಂದು ಕಡೆಗೆ ವಾಲುತ್ತದೆ. ಮನೆಯಲ್ಲಿ ನಮ್ಮಿಂದ ಪಾಠ ಹೇಳಿಸಿಕೊಳ್ಳುತ್ತಿದ್ದ ಹುಡುಗರ ಪತ್ರಿಕೆ ಕೈಗೆ ಬಂದಾಗ ನಮ್ಮ ಲೇಖನಿಯೂ ಅರ್ಧ ಅಂಕಕ್ಕಾಗಿ ತಡವರಿಸಿದ್ದುಂಟು. ಆಮೇಲೆ ಅವರ ಪತ್ರಿಕೆಗಳನ್ನು ಸಹೋದ್ಯೋಗಿಗಳಿಗೆ ಒಪ್ಪಿಸುತ್ತಿದ್ದೆವು.

ಆದುದರಿಂದ ಚಿನ್ನವಾಗಲಿ, ನಿವೇಶನವಾಗಲಿ, ಮಕ್ಕಳ ಕಾರ್ಡಾಗಲಿ, ಕೊಳ್ಳುವ ಮೊದಲು ವಾಚಕರು ಮೂರು ಮಾತು ಕೇಳಬೇಕು. ಪರೀಕ್ಷಿಸಿದವರು ಯಾರು? ಅವರಿಗೆ ಹಣ ಕೊಟ್ಟವರು ಯಾರು? ಬೆಲೆಯೇರಿದರೆ ಅವರಿಗೇನು ಲಾಭ?

ಮೊಮ್ಮಗನು ಇವನ್ನು ಮಾರುವವನಿಗೆ ಬರೆದು ಕೇಳಿದನು. ಉತ್ತರ ಇನ್ನೂ ಬಂದಿಲ್ಲ. ಗೋಲಕವು ಕಪಾಟಿನಲ್ಲಿಯೇ ಇದೆ.