ಚೀನದ ಆದಿಚಕ್ರವರ್ತಿಯು ನಮ್ಮ ಮನೆಗೆ ಬಂದ ಬಗೆ

ಕಳೆದ ದಸರೆಯ ರಜೆಯಲ್ಲಿ ನಾವು ಸಂಸಾರ ಸಮೇತರಾಗಿ ದಾವಣಗೆರೆಯಿಂದ ಹರಿಹರಕ್ಕೆ ಹೋಗಿದ್ದೆವು. ತುಂಗಭದ್ರೆಯಲ್ಲಿ ಕೈಕಾಲು ತೊಳೆದು, ಹರಿಹರೇಶ್ವರನ ದರ್ಶನ ಮಾಡಿ, ಗುಡಿಯ ಅಂಗಳದಲ್ಲಿ ಕುಳಿತೆವು. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕನಾದ ಪೋಲಾಳ್ವನು 1224ರಲ್ಲಿ ಕಟ್ಟಿಸಿದ ದೇವಾಲಯವಿದು. ಅಲ್ಲಿ ನಿಂತಿರುವ ಶಾಸನದ ಕಲ್ಲುಗಳನ್ನು ನಮ್ಮ ವಾಚಕರಲ್ಲಿ ಅನೇಕರು ನೋಡಿರಬಹುದು. ನೋಡಿ ಮುಂದೆ ಹೋಗಿರಬಹುದು. ನಾವೂ ಎಷ್ಟೋ ಸಲ ಹಾಗೆಯೇ ಹೋದವರು.

ಆ ದಿನ ನಮ್ಮ ತಂಗಿಯ ಮಗನು ಜೊತೆಯಲ್ಲಿದ್ದನು. ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಓದುತ್ತಿರುವ ಹುಡುಗ. ಅವನು ಒಂದು ಕಲ್ಲಿನ ಮುಂದೆ ಬಹಳ ಹೊತ್ತು ನಿಂತಿದ್ದು, "ಮಾವ, ಇದು ಕನ್ನಡವೇ ಅಲ್ಲವೇ? ನನಗೇಕೆ ಒಂದು ಸಾಲೂ ಓದಲು ಬರುವುದಿಲ್ಲ?" ಎಂದು ಕೇಳಿದನು. ಎಂಟು ನೂರು ವರ್ಷಗಳಲ್ಲಿ ಅಕ್ಷರದ ರೂಪ ಬದಲಾಗಿದೆಯಪ್ಪಾ ಎಂದೆವು. ಅವನು ನಕ್ಕು, "ಹಾಗಾದರೆ ಆ ಚೀನದ ರಾಜನು ಮಾಡಿದ್ದೇ ಸರಿ. ಹತ್ತೊಂಬತ್ತು ಬಗೆಯ ಬರಹವನ್ನು ತೆಗೆದುಹಾಕಿ ಒಂದನ್ನೇ ಉಳಿಸುತ್ತೇನೆ ಅಂದನಂತೆ," ಎಂದನು.

ಯಾವ ರಾಜ, ಎಲ್ಲಿ ಅಂದನು, ಎಂದು ವಿಚಾರಿಸಲಾಗಿ ಅದೊಂದು ಚಲಚ್ಚಿತ್ರದ ಮಾತೆಂದು ತಿಳಿಯಿತು. ಆ ರಾತ್ರಿಯೇ ಅದನ್ನು ನಾವೂ ನೋಡುವುದೆಂದಾಯಿತು. ಮಂಡಕ್ಕಿ, ಮೆಣಸಿನಕಾಯಿ ಬಜ್ಜಿಗಳ ತಟ್ಟೆಯನ್ನು ನಡುವೆ ಇಟ್ಟುಕೊಂಡು ಮನೆಯವರೆಲ್ಲರೂ ಕುಳಿತೆವು. ಕೆ. ಬಿ. ಆರ್. ನಾಟಕ ಕಂಪನಿಯ ಊರಿನವರಾದ ನಮಗೆ ರಾಜನು ರಂಗಕ್ಕೆ ಬರುವ ಠೀವಿಯ ಪರಿಚಯವುಂಟು. ಆದರೆ ಈ ರಾಜನು ಬರುವುದೇ ಇಲ್ಲ. ಖಾಲಿಯಾದ ದೊಡ್ಡ ಸಭಾಭವನದಲ್ಲಿ ಒಬ್ಬನೇ ಕುಳಿತಿರುತ್ತಾನೆ. ಕೊಲೆಗಾರರಿಗೆ ಹೆದರಿ ಯಾರನ್ನೂ ನೂರು ಹೆಜ್ಜೆಯೊಳಗೆ ಬರಗೊಡುವುದಿಲ್ಲ.

ಚಿತ್ರದ ಹೆಸರು 'ಹೀರೋ'. 2002ರಲ್ಲಿ ಜಾಂಗ್ ಯಿಮೌ ಎಂಬ ನಿರ್ದೇಶಕರು ತೆಗೆದುದು. ಹೆಸರಿಲ್ಲದ ಒಬ್ಬ ವೀರನು ಮೂವರು ಶತ್ರುಗಳನ್ನು ಕೊಂದೆನೆಂದು ಹೇಳಿಕೊಂಡು ರಾಜನ ಹತ್ತು ಹೆಜ್ಜೆಯವರೆಗೆ ಬರುತ್ತಾನೆ. ಬಂದಿರುವುದು ರಾಜನನ್ನು ಕೊಲ್ಲುವುದಕ್ಕೆ. ಒಂದೇ ಕಥೆಯು ಮತ್ತೆ ಮತ್ತೆ ಬೇರೆ ಬೇರೆ ಬಣ್ಣದಲ್ಲಿ ನಡೆಯುತ್ತದೆ: ಒಮ್ಮೆ ಕೆಂಪು, ಒಮ್ಮೆ ನೀಲಿ, ಒಮ್ಮೆ ಬಿಳುಪು. ಬರವಣಿಗೆಯ ಶಾಲೆಯೊಂದರ ಮೇಲೆ ಬಾಣಗಳ ಮಳೆ ಸುರಿಯುತ್ತಿರುವಾಗ ಮುದಿ ಗುರುವೂ ಶಿಷ್ಯರೂ ಕುಂಚವನ್ನು ಕೆಳಗಿಡದೆ ಬರೆಯುತ್ತಲೇ ಇರುವ ದೃಶ್ಯವನ್ನು ನಾವು ಮರೆಯಲಾರೆವು. ಕೊನೆಗೆ ಆ ವೀರನು ರಾಜನನ್ನು ಕೊಲ್ಲದೆ ಬಿಡುತ್ತಾನೆ. ಏಳು ರಾಜ್ಯಗಳು ಹೊಡೆದಾಡಿ ಸಾಯುವುದಕ್ಕಿಂತ ಆಕಾಶದ ಕೆಳಗಿನದೆಲ್ಲ ಒಬ್ಬನ ಕೈಗೆ ಬಂದು ಯುದ್ಧವು ನಿಲ್ಲುವುದೇ ಲೇಸೆಂಬುದು ಅವನ ಎಣಿಕೆ.

ನಮ್ಮ ಅಳಿಯನ ಕಣ್ಣುಗಳು ಹೊಳೆಯುತ್ತಿದ್ದವು. ನಮಗೆ ಮಾತ್ರ ಆ ಬಜ್ಜಿಯು ಗಂಟಲಿನಲ್ಲಿ ಸರಿಯಾಗಿ ಇಳಿಯಲಿಲ್ಲ. ಇಷ್ಟು ಸುಂದರವಾದ ಚಿತ್ರವು ಇಂತಹ ಅಭಿಪ್ರಾಯವನ್ನು ಮಕ್ಕಳ ಮನಸ್ಸಿನಲ್ಲಿ ಬಿತ್ತಿದರೆ ಅದನ್ನು ಕೀಳುವುದು ಸುಲಭವೇ? ಒಬ್ಬನೇ ಆಳುವುದು ಒಳ್ಳೆಯದೆಂದು ಈ ಚಿತ್ರವು ಹೊಗಳುತ್ತದೆಯೆಂಬ ಆಕ್ಷೇಪಣೆಯನ್ನು ಚೀನದ ಒಳಗೂ ಹೊರಗೂ ಅನೇಕರು ಮಾಡಿದ್ದಾರೆಂದು ಆಮೇಲೆ ತಿಳಿದು, ನಾವು ಒಬ್ಬರೇ ಅಲ್ಲವೆಂದು ಸಮಾಧಾನವಾಯಿತು.

ಅಂದಿನಿಂದ ಆ ರಾಜನ ಬೆನ್ನು ಹತ್ತಿದೆವು. ಅವನ ಹೆಸರು ಜೆಂಗ್. ಛಿನ್ ಎಂಬ ಪಶ್ಚಿಮದ ರಾಜ್ಯದವನು. ಕ್ರಿ. ಪೂ. 259ರಲ್ಲಿ ಹುಟ್ಟಿ, ಹದಿಮೂರನೆಯ ವಯಸ್ಸಿಗೇ ಪಟ್ಟಕ್ಕೆ ಬಂದನು. ಕ್ರಿ. ಪೂ. 230ರಿಂದ 221ರೊಳಗೆ ಉಳಿದ ಆರು ರಾಜ್ಯಗಳನ್ನೂ ನುಂಗಿ, ತನ್ನನ್ನು ಷಿ ಹ್ವಾಂಗ್ ತಿ, ಎಂದರೆ ಆದಿಚಕ್ರವರ್ತಿ, ಎಂದು ಕರೆದುಕೊಂಡನು. ಲಿಪಿಯನ್ನು ಒಂದು ಮಾಡಿದನು. ತೂಕ, ಅಳತೆ, ನಾಣ್ಯಗಳನ್ನು ಒಂದು ಮಾಡಿದನು. ಬಂಡಿಯ ಅಚ್ಚಿನ ಉದ್ದವನ್ನು ಕೂಡ ಒಂದು ಮಾಡಿದನು. ನಮ್ಮ ಪೇಟೆಯ ಮಂಡಿಯಲ್ಲಿ ತೂಕದ ಜಗಳವನ್ನು ಕಂಡವರು ಇದನ್ನು ಸಣ್ಣ ಕೆಲಸವೆನ್ನಲಾರರು. ಇಷ್ಟರಮಟ್ಟಿಗೆ ಅಳಿಯನ ಪಕ್ಷವು ಬಲವಾಗಿಯೇ ಇತ್ತು.

ಅವನನ್ನು ಕುರಿತ ಚಿತ್ರಗಳಲ್ಲಿ ಎಲ್ಲವೂ ಒಂದೇ ಬಗೆಯವಲ್ಲ. 1996ರಲ್ಲಿ ಜೋ ಷ್ಯಾವ್‌ವೆನ್ ಅವರು 'ಚಕ್ರವರ್ತಿಯ ನೆರಳು' ಎಂಬ ಅರ್ಥದ ಹೆಸರಿನಿಂದ ಒಂದು ಚಿತ್ರವನ್ನು ತೆಗೆದರು. ಅದರಲ್ಲಿ ರಾಜನಿಗೂ ಅವನ ಬಾಲ್ಯದ ಗೆಳೆಯನಾದ ಸಂಗೀತಗಾರನಿಗೂ ನಡೆಯುವ ಹೋರಾಟವಿದೆ. 1998ರಲ್ಲಿ ಛೆನ್ ಕೈಗ ಅವರು ತೆಗೆದ 'ಚಕ್ರವರ್ತಿ ಮತ್ತು ಕೊಲೆಗಾರ' ನಮಗೆ ಹೆಚ್ಚು ಹಿಡಿಸಿತು. ಅದರಲ್ಲಿ ರಾಜನು ಮೊದಲು ಯುದ್ಧಗಳನ್ನು ನಿಲ್ಲಿಸುವ ಕನಸು ಕಾಣುವ ಯುವಕ. ಹೋಗ ಹೋಗುತ್ತ ಆ ಕನಸೇ ಅವನನ್ನು ರಾಕ್ಷಸನನ್ನಾಗಿ ಮಾಡುತ್ತದೆ. ಅವನನ್ನು ಪ್ರೀತಿಸಿದ ಹೆಂಗಸೇ ಕೊನೆಗೆ ಅವನನ್ನು ಬಿಟ್ಟು ಹೋಗುತ್ತಾಳೆ. ಮಕ್ಕಳೊಂದಿಗೆ ಕುಳಿತು ನೋಡತಕ್ಕ ಚಿತ್ರವಲ್ಲವೆಂದು ಮಾತ್ರ ಗೃಹಸ್ಥರಿಗೆ ಮೊದಲೇ ಸೂಚಿಸುತ್ತೇವೆ. ಜಪಾನಿನವರ 'ಕಿಂಗ್‌ಡಮ್' ಎಂಬ ಚಿತ್ರಕಥೆಗಳಲ್ಲಿಯೂ, 2019ರಲ್ಲಿ ಅದರಿಂದ ತೆಗೆದ ಸಿನಿಮಾದಲ್ಲಿಯೂ ಇದೇ ರಾಜನು ಹುಡುಗರಿಗೆ ಪ್ರಿಯನಾದ ಪಾತ್ರವಾಗಿದ್ದಾನೆ.

ಈ ಚಿತ್ರಗಳಿಗೆಲ್ಲ ಬೇರು ಒಂದೇ ಗ್ರಂಥ: ಸಿಮಾ ಛ್ಯೆನ್ ಎಂಬ ಇತಿಹಾಸಕಾರನು ಕ್ರಿ. ಪೂ. ಮೊದಲನೆಯ ಶತಮಾನದ ಆದಿಯಲ್ಲಿ ಮುಗಿಸಿದ, ನೂರ ಮೂವತ್ತು ಅಧ್ಯಾಯಗಳ 'ಷಿ ಜಿ'. ಅದರಲ್ಲಿ ಕೊಲೆಗಾರರಿಗಾಗಿಯೇ ಒಂದು ಅಧ್ಯಾಯವುಂಟು. ಜಿಂಗ್ ಕೆ ಎಂಬುವನು ಕ್ರಿ. ಪೂ. 227ರಲ್ಲಿ ನಕ್ಷೆಯ ಸುರುಳಿಯೊಳಗೆ ವಿಷ ಸವರಿದ ಕಠಾರಿಯನ್ನು ಅಡಗಿಸಿಕೊಂಡು ರಾಜನ ಮುಂದೆ ಬರುತ್ತಾನೆ. ಸುರುಳಿ ಬಿಚ್ಚುತ್ತದೆ, ಕಠಾರಿ ಹೊರಬೀಳುತ್ತದೆ, ರಾಜನ ತೋಳಿನ ಬಟ್ಟೆ ಹರಿದುಹೋಗುತ್ತದೆ. ಕತ್ತಿಯು ಬಹಳ ಉದ್ದವಾದ್ದರಿಂದ ಒರೆಯಿಂದ ಹೊರಬಾರದು. ಸಭೆಯಲ್ಲಿರುವವರು ಆಯುಧ ಹಿಡಿಯಕೂಡದೆಂಬುದು ರಾಜನದೇ ಕಟ್ಟಳೆ. ಆದುದರಿಂದ ಮಹಾರಾಜನು ಕಂಬವನ್ನು ಸುತ್ತು ಹಾಕಿ ಓಡುತ್ತಾನೆ! ಆಸ್ಥಾನದ ವೈದ್ಯನು ಕೈಯಲ್ಲಿದ್ದ ಔಷಧಿಯ ಚೀಲವನ್ನು ಕೊಲೆಗಾರನ ಮೇಲೆ ಎಸೆದು ರಾಜನಿಗೆ ಕತ್ತಿ ಎಳೆಯುವಷ್ಟು ಸಮಯವನ್ನು ದೊರಕಿಸಿಕೊಡುತ್ತಾನೆ. ಆ ವೈದ್ಯನನ್ನು ಬಲ್ಲ ಇಬ್ಬರ ಬಾಯಿಂದ ಈ ಕಥೆ ತನಗೆ ಬಂದಿತೆಂದು ಸಿಮಾ ಛ್ಯೆನನು ಹೇಳಿಕೊಂಡಿದ್ದಾನೆ. ನಮಗೆ ಬಹಳ ಮೆಚ್ಚಿಗೆಯಾದುದು ಈ ಮಾತು. ಯಾವ ಚಿತ್ರದಲ್ಲಿಯೂ ಕಾಣದ ಚೀಲವೊಂದನ್ನು ಕೈಗೆ ಕೊಟ್ಟಂತಾಯಿತು.

ಆ ಇತಿಹಾಸಕಾರನ ಸ್ವಂತ ಕಥೆಯು ಮತ್ತೂ ಕಠಿಣವಾದುದು. ಅವನು ಹಾನ್ ವಂಶದ ವೂ ತಿ ಚಕ್ರವರ್ತಿಯ ಆಸ್ಥಾನದಲ್ಲಿದ್ದನು. ಕ್ರಿ. ಪೂ. 99ರಲ್ಲಿ ಲಿ ಲಿಂಗ್ ಎಂಬ ಸೇನಾನಿಯು ಉತ್ತರದ ಶತ್ರುಗಳಿಗೆ ಸಿಕ್ಕಿಬಿದ್ದಾಗ ಎಲ್ಲರೂ ಅವನನ್ನು ಹಳಿಯುತ್ತಿದ್ದರೆ ಇವನೊಬ್ಬನು ಅವನ ಪರವಾಗಿ ಮಾತನಾಡಿದನು. ಚಕ್ರವರ್ತಿ ಕೆರಳಿದನು. ದಂಡ ತೆತ್ತು ಬಿಡಿಸಿಕೊಳ್ಳುವಷ್ಟು ಹಣವಿರಲಿಲ್ಲ. ಮಾನವುಳ್ಳವರು ಪ್ರಾಣವನ್ನೇ ಬಿಡುತ್ತಿದ್ದರು. ಅವನು ಪುರುಷತ್ವವನ್ನು ಕಳೆಯುವ ಶಿಕ್ಷೆಯನ್ನು ಒಪ್ಪಿ ಬದುಕಿ ಉಳಿದನು. ತಂದೆಯು ಆರಂಭಿಸಿದ್ದ ಗ್ರಂಥವು ಮುಗಿದಿರಲಿಲ್ಲ, ಅದಕ್ಕಾಗಿ. ಆದಿಚಕ್ರವರ್ತಿಯನ್ನು ಕ್ರೂರಿಯೆಂದು ಬರೆಯುವಾಗ ಅವನ ಮನಸ್ಸಿನಲ್ಲಿ ತನ್ನ ಒಡೆಯನ ಮುಖವೂ ಇದ್ದಿತೋ ಏನೋ. ಅಲ್ಲದೆ ಹಾನ್ ವಂಶದವರು ಛಿನ್ ರಾಜ್ಯವು ಬಿದ್ದ ಮೇಲೆ ಎದ್ದವರು. ಹಿಂದಿನವನನ್ನು ಕೆಟ್ಟವನೆಂದರೆ ಅವರಿಗೆ ಲಾಭವೇ. ಇದನ್ನು ಅಳಿಯನು ಎತ್ತಿ ತೋರಿಸಿದಾಗ ನಾವು ಒಪ್ಪಲೇ ಬೇಕಾಯಿತು. 1975ರಲ್ಲಿ ಷ್ವೇಹುದಿ ಎಂಬಲ್ಲಿ ಒಬ್ಬ ಛಿನ್ ಅಧಿಕಾರಿಯ ಗೋರಿಯಲ್ಲಿ ಸಿಕ್ಕಿದ ಬಿದಿರಿನ ಪಟ್ಟಿಗಳಲ್ಲಿ ಆ ರಾಜ್ಯದ ಕಾನೂನುಗಳು ದೊರೆತಿವೆ. ಕಠಿಣವೇನೋ ಹೌದು, ಆದರೆ ಹುಚ್ಚನ ಆಳ್ವಿಕೆಯಲ್ಲ, ಕಣಜದ ಲೆಕ್ಕದವರೆಗೆ ಎಲ್ಲವನ್ನೂ ಬರೆದಿಡುವ ಗುಮಾಸ್ತರ ಆಳ್ವಿಕೆ.

ಆದರೂ ಒಂದು ಸಂಗತಿಯಲ್ಲಿ ನಾವು ಸೋಲನ್ನು ಒಪ್ಪಲಿಲ್ಲ. ಕ್ರಿ. ಪೂ. 213ರಲ್ಲಿ ಮಂತ್ರಿ ಲಿ ಸಿಯ ಮಾತಿನ ಮೇಲೆ ಚಕ್ರವರ್ತಿಯು ಪುಸ್ತಕಗಳನ್ನು ಸುಡಿಸಿದನು. ವೈದ್ಯ, ಶಕುನ, ಬೇಸಾಯ ಇವುಗಳ ಪುಸ್ತಕಗಳಿಗೆ ಮಾತ್ರ ವಿನಾಯಿತಿ. ಹಳೆಯ ಕಾಲವನ್ನು ಎತ್ತಿ ಆಡಿ ಇಂದಿನ ಸರ್ಕಾರವನ್ನು ಹಳಿಯುವವರಿಗೆ ಮರಣದಂಡನೆ. ಜವಾಹರಲಾಲ ನೆಹರೂ ಅವರು 1930ರಿಂದ 1933ರವರೆಗೆ ಸೆರೆಮನೆಗಳಲ್ಲಿದ್ದು ಮಗಳಿಗೆ ಬರೆದ ಜಗತ್ತಿನ ಇತಿಹಾಸದ ಪತ್ರಗಳಲ್ಲಿ ಈ ಸುಡುವಿಕೆಯ ಸಂಗತಿಯುಂಟು. ಸ್ವತಃ ಸೆರೆಯಲ್ಲಿ ಕುಳಿತ ತಂದೆಯು ಇದನ್ನು ಮಗಳಿಗೆ ಹೇಳಬೇಕೆಂದು ಬಯಸಿದುದನ್ನು ನಾವು ಅಳಿಯನಿಗೆ ತಿಳಿಸಿದೆವು. ಅವನು ಸುಮ್ಮನಾದನು. ಲಿಪಿಯನ್ನು ಒಂದು ಮಾಡಿದ ಕೈಯೇ ಆ ಲಿಪಿಯಲ್ಲಿ ಏನು ಬರೆಯಬೇಕೆಂಬುದನ್ನೂ ನಿಶ್ಚಯಿಸತೊಡಗಿತೆಂಬುದು ಅವನಿಗೆ ತಟ್ಟಿದಂತೆ ಕಂಡಿತು.

ಚಕ್ರವರ್ತಿಯ ಕೊನೆಯು ಹೇಗಾಯಿತೆಂದು ಹೆಂಗಸರು ಕೇಳಿದರು. ಸಾವಿಲ್ಲದ ಔಷಧಿಯನ್ನು ತರಲೆಂದು ಸಮುದ್ರದ ಮೇಲೆ ಹಡಗುಗಳನ್ನು ಕಳುಹಿಸಿದವನು ಕ್ರಿ. ಪೂ. 210ರಲ್ಲಿ ಪ್ರವಾಸದ ನಡುವೆ ತೀರಿಕೊಂಡನು. ಸುದ್ದಿಯನ್ನು ಮುಚ್ಚಿಡಲು, ಬೇಸಗೆಯಲ್ಲಿ ಹೆಣದ ವಾಸನೆಯು ತಿಳಿಯದಂತೆ, ಜೊತೆಗೆ ಒಣಮೀನಿನ ಗಾಡಿಯನ್ನು ನಡೆಸಿದರಂತೆ. ನಾಲ್ಕು ವರ್ಷಗಳೊಳಗೆ ಅವನ ವಂಶವೇ ಮುಗಿಯಿತು. 1974ರಲ್ಲಿ ಷೀಆನ್ ಬಳಿಯ ರೈತರು ಬಾವಿ ತೋಡುತ್ತಿದ್ದಾಗ ಅವನ ಗೋರಿಯ ಕಾವಲಿಗೆ ನಿಲ್ಲಿಸಿದ್ದ ಮಣ್ಣಿನ ಸೈನಿಕರು ಸಿಕ್ಕಿದರು; ಸುಮಾರು ಎಂಟು ಸಾವಿರ ಬೊಂಬೆಗಳಿರಬಹುದೆಂದು ಅಂದಾಜು. ಗೋರಿಯನ್ನು ಮಾತ್ರ ಇನ್ನೂ ತೆರೆದಿಲ್ಲ.

ಆಗ ನಾವು ಮಹಾಗೋಡೆಯ ಕಥೆಯನ್ನು ಹೇಳಿದೆವು. ಮೆಂಗ್ ಜ್ಯಾಂಗ್ ಎಂಬ ಹುಡುಗಿ. ಮದುವೆಯಾದ ಹೊಸತರಲ್ಲಿಯೇ ಗಂಡನನ್ನು ಗೋಡೆ ಕಟ್ಟುವ ಬಿಟ್ಟಿಗೆ ಎಳೆದೊಯ್ಯುತ್ತಾರೆ. ಚಳಿಗಾಲ ಬರಲು ಅವಳು ಅವನಿಗಾಗಿ ಬೆಚ್ಚನೆಯ ಬಟ್ಟೆ ಹೊಲಿದು ಹೊತ್ತುಕೊಂಡು ಅಷ್ಟು ದೂರ ನಡೆದು ಹೋಗುತ್ತಾಳೆ. ಅವನು ಸತ್ತು ಗೋಡೆಯೊಳಗೇ ಹೂತುಹೋಗಿರುತ್ತಾನೆ. ಅವಳು ಅತ್ತ ಅಳುವಿಗೆ ಗೋಡೆಯು ಕುಸಿದು ಅವನ ಎಲುಬುಗಳು ಕಾಣಿಸುತ್ತವೆ. ಈ ಕಥೆಯ ಬೀಜವು ಆದಿಚಕ್ರವರ್ತಿಗಿಂತ ಕೆಲವು ಶತಮಾನಗಳ ಹಿಂದಿನದು, ಜನರು ಆಮೇಲೆ ತಂದು ಅವನ ಗೋಡೆಗೆ ಸೇರಿಸಿದರು ಎಂದು ಪಂಡಿತರು ಹೇಳುತ್ತಾರೆ. ಜನರು ಸೇರಿಸಿದ್ದೇಕೆ ಎಂಬುದು ನಮಗೆ ಮುಖ್ಯವಾಗಿ ತೋರುತ್ತದೆ.

ಮೂಲೆಯಲ್ಲಿ ಕುಳಿತು ಬತ್ತಿ ಹೊಸೆಯುತ್ತಿದ್ದ ನಮ್ಮ ತಾಯಿಯವರು ಅಲ್ಲಿಯವರೆಗೂ ಮಾತನಾಡಿರಲಿಲ್ಲ. "ಇದು ನಮ್ಮ ಭಾಗೀರಥಿಯ ಕಥೆಯಲ್ಲವೇನೋ," ಎಂದರು. 'ಕೆರೆಗೆ ಹಾರ'ದ ಭಾಗೀರಥಿ! ಕಲ್ಲನಕೇರಿಯ ಗೌಡನು ಕಟ್ಟಿಸಿದ ಕೆರೆಗೆ ನೀರು ಬಾರದಿರಲು ಕಿರಿಯ ಸೊಸೆಯನ್ನು ಕೊಟ್ಟರು. ದಂಡಿನಿಂದ ಬಂದ ಗಂಡನು ವಿಷಯ ತಿಳಿದು ತಾನೂ ಅದೇ ಕೆರೆಗೆ ಹಾರಿಕೊಂಡನು. ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯ ವಿಷಯದಲ್ಲಿಯೂ ಶಾಂತವ್ವನ ಹೆಸರನ್ನು ನಮ್ಮ ಜನರು ಹೇಳುತ್ತಾರೆ. ಗೋಡೆಯೋ ಕೆರೆಯೋ, ದೊಡ್ಡದಾಗಿ ಕಟ್ಟಿದುದರ ಕೆಳಗೆ ಒಬ್ಬ ಹೆಣ್ಣುಮಗಳ ಅಳುವನ್ನು ಇಟ್ಟು ಹಾಡುವುದನ್ನು ಚೀನದ ಅಜ್ಜಿಯರೂ ನಮ್ಮ ಅಜ್ಜಿಯರೂ ಒಬ್ಬರನ್ನೊಬ್ಬರು ಕೇಳದೆಯೇ ಕಲಿತಿದ್ದಾರೆ. "ನೀವು ನೋಡಿದ ಸಿನಿಮಾದಲ್ಲಿ ಆ ಹುಡುಗಿ ಏಕೆ ಬರಲಿಲ್ಲ?" ಎಂದು ತಾಯಿಯವರು ಕೇಳಿದರು. ಉತ್ತರ ಹೇಳಬೇಕಾದವನು ಅಳಿಯ. ಅವನು ತಟ್ಟೆಯಲ್ಲಿ ಉಳಿದಿದ್ದ ಮಂಡಕ್ಕಿಯನ್ನು ಆರಿಸುತ್ತಿದ್ದನು.

ಇಷ್ಟು ದೂರದ ಚಕ್ರವರ್ತಿಯಿಂದ ನಮಗೇನಾಗಬೇಕೆಂದು ವಾಚಕರು ಕೇಳಿಯಾರು. ನಮಗೂ ಅದೇ ಸಂದೇಹವಿದ್ದಿತು. ಆದರೆ ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಮೈಸೂರು ಪ್ರಾಕ್ತನ ಇಲಾಖೆಯ ಆರ್. ನರಸಿಂಹಾಚಾರ್ಯರು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಗೆಸಿದಾಗ ರೋಮಿನ ನಾಣ್ಯದ ಜೊತೆಗೆ ಚೀನದ ಒಂದು ನಾಣ್ಯವೂ ದೊರೆಯಿತು. ಅದನ್ನು ಹಾನ್ ವೂ ತಿಯ ಕಾಲದ್ದೆಂದು ಹೇಳಲಾಯಿತು. ಕಾಲದ ವಿಷಯದಲ್ಲಿ ವಿದ್ವಾಂಸರೆಲ್ಲರೂ ಒಂದೇ ಮಾತಿನವರಲ್ಲ. ಅದು ನಿಜವಾದರೆ, ಸಿಮಾ ಛ್ಯೆನನನ್ನು ಶಿಕ್ಷಿಸಿದ ಚಕ್ರವರ್ತಿಯ ಕಾಸು ನಮ್ಮ ಸೀಮೆಯಲ್ಲಿಯೇ ಓಡಾಡಿತ್ತೆಂದಾಯಿತು.

ಅದಕ್ಕಿಂತಲೂ ಹತ್ತಿರದ ಸಾಕ್ಷಿಯು ಅದೇ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿದೆ. 1892ರಲ್ಲಿ ಬಿ. ಎಲ್. ರೈಸ್ ಅವರು ಅಲ್ಲಿಯೂ ಸಿದ್ದಾಪುರ, ಜಟಿಂಗರಾಮೇಶ್ವರಗಳಲ್ಲಿಯೂ ಅಶೋಕನ ಶಾಸನಗಳನ್ನು ಕಂಡುಹಿಡಿದರು. ಹೆಚ್ಚು ಕಡಿಮೆ ಆದಿಚಕ್ರವರ್ತಿಯು ಹುಟ್ಟಿದ ಕಾಲಕ್ಕೆ ಕೊರೆದ ಬಂಡೆಗಳವು. ಚೀನದವನು ಕೂಡ ಕ್ರಿ. ಪೂ. 219ರಲ್ಲಿ ಬೆಟ್ಟಗಳ ಮೇಲೆ ಕಲ್ಲು ನಿಲ್ಲಿಸಿ, ಜಗತ್ತನ್ನು ತಾನು ಒಂದು ಮಾಡಿದೆನೆಂದು ಕೊರೆಯಿಸಿದನು. ಬ್ರಹ್ಮಗಿರಿಯ ಬಂಡೆಯಲ್ಲಿ ತಂದೆತಾಯಿಗಳ ಮಾತು ಕೇಳಬೇಕು, ಪ್ರಾಣಿಗಳಲ್ಲಿ ದಯೆಯಿರಬೇಕು, ಸತ್ಯ ನುಡಿಯಬೇಕು, ಶಿಷ್ಯನು ಗುರುವನ್ನು ಗೌರವಿಸಬೇಕು ಎಂದಿದೆ. ಕಳಿಂಗದಲ್ಲಿ ಅಶೋಕನೂ ರಕ್ತ ಹರಿಸಿದವನೇ ಎಂದು ಅಳಿಯನು ನೆನಪು ಮಾಡಿದನು, ಅದೂ ನಿಜ. ಆ ಬಂಡೆಯ ಕೊನೆಯಲ್ಲಿ ಬರೆದವನ ಹೆಸರು ಚಪಡ ಎಂದಿದ್ದು, ತಾನು ಲಿಪಿಕಾರನೆಂಬ ಮಾತನ್ನು ಅವನು ಉಳಿದ ಅಕ್ಷರಗಳಂತೆ ಬ್ರಾಹ್ಮಿಯಲ್ಲಿ ಬರೆಯದೆ, ವಾಯವ್ಯ ದೇಶದ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ಒಂದೇ ಬಂಡೆಯ ಮೇಲೆ ಎರಡು ಲಿಪಿ. ರಾಜನು ಅದನ್ನು ತೆಗೆಸಿಹಾಕಲಿಲ್ಲ.

ಇದನ್ನು ಕೇಳಿದ ಮೇಲೆ ಅಳಿಯನು ಬ್ರಹ್ಮಗಿರಿಯ ದಾರಿಯನ್ನು ವಿಚಾರಿಸುತ್ತಿದ್ದಾನೆ. ಬ್ರಾಹ್ಮಿಯ ಅಕ್ಷರಮಾಲೆಯನ್ನು ಬರೆದು ಮೇಜಿನ ಮೇಲೆ ಅಂಟಿಸಿಕೊಂಡಿದ್ದಾನೆ. ಸಂಕ್ರಾಂತಿಯ ರಜೆಗೆ ಹೋಗುವುದೆಂದು ನಿಶ್ಚಯವಾಗಿದೆ. ಬುತ್ತಿ ಕಟ್ಟುವ ಕೆಲಸವನ್ನು ನಮ್ಮ ತಾಯಿಯವರು ತಾವೇ ಒಪ್ಪಿಕೊಂಡಿದ್ದಾರೆ.